ಕರದಂಟು ಈಗಲೇ ಯಾಕೆ ಬೇಡ?

ನಮ್ಮ ಅಮೀನಗಡದಲ್ಲಿ ಬಾಣಂತಿಗೂ ಕರದಂಟು, ಬೇನೆಯಿಂದ ಎದ್ದವರಿಗೂ ಕರದಂಟು. ಹಾಗಾಗಿ, ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡು ಬಂದ ಮೊಮ್ಮಗನಿಗೆ ಡಾಕ್ಟರು "ಈಗಲೇ ಬೇಡ" ಎಂದದ್ದು ನಮ್ಮ ಓಣಿಯ ಅಜ್ಜಿಯೊಬ್ಬರಿಗೆ ಒಪ್ಪಿಗೆಯಾಗಲಿಲ್ಲ. "ತುಪ್ಪದಾಗ ಕರಿದ ಅಂಟು, ಉತ್ತತ್ತಿ, ಕೊಬ್ರಿ, ಬೆಲ್ಲ. ಇದರಾಗ ಕೆಟ್ಟದ್ದೇನೈತ್ರಿ ಮಾಸ್ತರ?" ಎಂದು ನನ್ನನ್ನು ಕೇಳಿದರು. ಕರದಂಟು ಕೆಟ್ಟದ್ದಲ್ಲ, ಅದನ್ನು ಅರಗಿಸಬೇಕಾದ ಕರುಳು ಇನ್ನೂ ಮಾಯದ ಗಾಯದಂತಿದೆ ಎಂದೆ.

ಮಕ್ಕಳೇ, ನಮ್ಮ ಕರುಳಿನ ಒಳಪದರದ ದಪ್ಪ ಒಂದೇ ಒಂದು ಜೀವಕೋಶದಷ್ಟು. ಊಟದ ಸಾರವನ್ನು ಒಳಗೆ ಬಿಡಬೇಕು, ರೋಗಾಣುಗಳನ್ನು ಹೊರಗೇ ತಡೆಯಬೇಕು. ಎರಡೂ ಅದರದ್ದೇ ಕೆಲಸ. ಇಷ್ಟು ತೆಳುವಾದದ್ದು ಸವೆಯುವುದಿಲ್ಲವೇ? ಸವೆಯುತ್ತದೆ. ಆದರೆ ಪದರದ ಪುಟ್ಟ ಪುಟ್ಟ ಕುಳಿಗಳ ತಳದಲ್ಲಿ ಆಕರಕೋಶಗಳಿವೆ. ಹಳೆಯ ಕೋಶ ಉದುರಿದಂತೆ ಅವು ಹೊಸದನ್ನು ಹುಟ್ಟಿಸುತ್ತವೆ. 3ರಿಂದ 5 ದಿನಗಳಲ್ಲಿ ಪದರವೇ ಹೊಸದಾಗುತ್ತದೆ. ಇಳಕಲ್ಲಿನ ಮಗ್ಗದಲ್ಲಿ ನೇದ ಸೀರೆ ಸುತ್ತಿದಂತೆಲ್ಲ ಹಿಂದಿನಿಂದ ಹಾಸು ಬರುತ್ತಲೇ ಇರುವ ಹಾಗೆ.

ಇನ್ನು ರಕ್ತ ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಜೋರಾದ ಔಷಧ ಕೊಟ್ಟು, ಅಣ್ಣನದೋ ತಂಗಿಯದೋ ಹೊಂದುವ ಮಜ್ಜೆಯನ್ನು ರಕ್ತ ಏರಿಸಿದಂತೆ ಏರಿಸುತ್ತಾರೆ. ನಮ್ಮ ದೇಶದಲ್ಲಿ ಇಂಥ ಕಸಿ ಮೊದಲು ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಈ ದಾರಿ ತೋರಿದ ಅಮೆರಿಕದ ಡಾ. ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಹುಮಾನ ಬಂತು.

ಆದರೆ ದಾನಿಯ ಮಜ್ಜೆಯ ಜೊತೆ ಅವರ ಕಾವಲು ಕಣಗಳೂ ಬರುತ್ತವೆ. ಹೊಸ ಮನೆಯ ಗುರುತು ಸಿಗದೆ, ಮನೆಯವರನ್ನೇ ಕಳ್ಳರೆಂದು ತಿಳಿದು ಹೊಡೆಯುವುದುಂಟು. ಚರ್ಮ, ಪಿತ್ತಜನಕಾಂಗ, ಕರುಳು, ಈ ಮೂರಕ್ಕೇ ಏಟು ಹೆಚ್ಚು. ಜೋರು ಔಷಧದಿಂದ ಕರುಳು ಮೊದಲೇ ಬಳಲಿರುತ್ತದೆ. ಆಕರಕೋಶಗಳಿಗೂ ಏಟು ಬಿದ್ದರೆ ಹೊಸ ಪದರ ಹುಟ್ಟುವುದು ತಡವಾಗುತ್ತದೆ. ಭೇದಿ, ಹೊಟ್ಟೆನೋವು ಶುರುವಾಗುತ್ತವೆ. ಹರಿದ ಪದರದಿಂದ ರೋಗಾಣು ರಕ್ತಕ್ಕೆ ನುಸುಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಡಾಕ್ಟರು ಸ್ಟಿರಾಯ್ಡ್‌ನಂಥ ಔಷಧ ಕೊಟ್ಟು ಕಾವಲು ಕಣಗಳ ಕೈ ತಡೆಯುತ್ತಾರೆ. ಆ ಬಿಡುವಿನಲ್ಲಿ, ಉಳಿದ ಆಕರಕೋಶಗಳು ಪದರವನ್ನು ಮತ್ತೆ ಕಟ್ಟತೊಡಗುತ್ತವೆ.

ಅಜ್ಜ-ಅಜ್ಜಿಯರೇ, ಇಂಥ ಮಗು ಮನೆಯಲ್ಲಿದ್ದರೆ ಆಗಷ್ಟೇ ಬೇಯಿಸಿದ ಮೆತ್ತನೆಯ ಊಟ, ಕುದಿಸಿ ಆರಿಸಿದ ನೀರು ಕೊಡಿ. ಭೇದಿ ಶುರುವಾದರೆ ಮನೆಮದ್ದು ಬೇಡ, ಕೂಡಲೇ ಆಸ್ಪತ್ರೆಗೆ ತಿಳಿಸಿ. ಮಕ್ಕಳೇ, ನೆಗಡಿಯಾದಾಗ ಆ ಗೆಳೆಯನ ಹತ್ತಿರ ಹೋಗಬೇಡಿ. ಆದರೆ ದಿನಾ ಫೋನ್ ಮಾಡಿ ಶಾಲೆಯ ಸುದ್ದಿ ಹೇಳಿ. ಅದಕ್ಕೆ ಯಾವ ಪಥ್ಯವೂ ಇಲ್ಲ.