ಮಕ್ಕಳ ತೊಡೆಯೆಲುಬಿನ ಮುರಿತ

ಮರದಿಂದ ಬಿದ್ದೋ, ಬೈಸಿಕಲ್ಲು ಮೋಟಾರುಗಳ ಹೊಡೆತಕ್ಕೆ ಸಿಕ್ಕಿಯೋ ತೊಡೆಯೆಲುಬನ್ನು ಮುರಿದುಕೊಂಡ ಮಗುವನ್ನು ಹೊತ್ತು ತರುವ ತಾಯ್ತಂದೆಗಳಿಗೆ ನಮ್ಮ ಊರುಗಳಲ್ಲಿ ಎರಡು ಬಗೆಯ ಉಪದೇಶಗಳು ದೊರೆಯುತ್ತವೆ. “ಕತ್ತಿ ಮುಟ್ಟಿಸಬೇಡಿರಿ, ಕಟ್ಟು ಕಟ್ಟಿಸಿದರೆ ಸಾಕು” ಎಂಬುದು ಒಂದು. “ಆಪರೇಷನ್ ಆಗದೆ ಗತಿಯಿಲ್ಲ” ಎಂಬುದು ಇನ್ನೊಂದು. ಇವೆರಡೂ ಅರ್ಧಸತ್ಯಗಳು. ಇವುಗಳಲ್ಲಿ ಒಂದನ್ನು ಕುರುಡಾಗಿ ನಂಬಿದುದರ ಫಲವನ್ನು ಮಗುವು ಜೀವಮಾನವೆಲ್ಲ ಅನುಭವಿಸಬೇಕಾದೀತೆಂದು ನಾವು ಎಚ್ಚರಿಸಬಯಸುತ್ತೇವೆ.

ಮಗುವಿನ ತೊಡೆಯೆಲುಬು ದೊಡ್ಡವರ ಎಲುಬಿನ ಕಿರಿಯ ಪಡಿಯಚ್ಚಲ್ಲ. ಅದರ ಎರಡು ತುದಿಗಳಲ್ಲಿಯೂ ಅದನ್ನು ಬೆಳೆಯಿಸುವ ಮೃದ್ವಸ್ಥಿಯ ಪದರಗಳಿವೆ; ಉದ್ದದ ಬೆಳವಣಿಗೆಯಲ್ಲಿ ನೂರಕ್ಕೆ ಸುಮಾರು 70 ಪಾಲು ಮೊಣಕಾಲಿನ ಕಡೆಯ ಪದರದಿಂದಲೇ ಆಗತಕ್ಕದ್ದು. ಇದಲ್ಲದೆ, 2ರಿಂದ 10 ವರ್ಷದ ಮಕ್ಕಳಲ್ಲಿ ಮುರಿದ ಎಲುಬು ಕೂಡಿದ ಬಳಿಕ ಸರಾಸರಿ 1 ಸೆಂಟಿಮೀಟರಿನಷ್ಟು ಅಧಿಕವಾಗಿ ಬೆಳೆಯುವುದುಂಟು. ಆದುದರಿಂದ ಎಳೆಯ ಮಕ್ಕಳಲ್ಲಿ ತುಂಡುಗಳು ತುಸು ಒಂದರ ಮೇಲೊಂದು ಜಾರಿ ಕೂಡಿದರೂ ಆ ಕೊರತೆಯನ್ನು ಪ್ರಕೃತಿಯೇ ತುಂಬಿಕೊಡುತ್ತದೆ. ದೊಡ್ಡವರಲ್ಲಿ ಈ ಸೌಲಭ್ಯವಿಲ್ಲ.

ಆದಕಾರಣ ಇಲ್ಲಿ ವಯಸ್ಸೇ ಮುಖ್ಯ ಪ್ರಮಾಣ. ಅಮೆರಿಕದ ಎಲುಬು ಶಸ್ತ್ರವೈದ್ಯರ ಅಕಾಡೆಮಿಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ವಯಸ್ಸನ್ನೇ ಹಿಡಿದು ನಡೆಯುತ್ತದೆ. 6 ತಿಂಗಳಿಂದ 5 ವರ್ಷದವರೆಗಿನ ಮಗುವಿನ ಎಲುಬು 2 ಸೆಂಟಿಮೀಟರಿಗಿಂತ ಹೆಚ್ಚು ಗಿಡ್ಡವಾಗದಿದ್ದರೆ ಸೊಂಟದಿಂದ ಕಾಲಿನವರೆಗೆ ಹಾಕುವ ಸ್ಪೈಕಾ ಪ್ಲಾಸ್ಟರೇ ತಕ್ಕ ಚಿಕಿತ್ಸೆ. 5ರಿಂದ 11 ವರ್ಷದವರಿಗೆ ಬಾಗುವ ಸಲಾಕೆಗಳ ಶಸ್ತ್ರಕ್ರಿಯೆಯು ಒಪ್ಪತಕ್ಕ ಮಾರ್ಗ. ಅದಕ್ಕೂ ಮೇಲ್ಪಟ್ಟವರಿಗೆ ಗಟ್ಟಿ ಸಲಾಕೆ ಮೊದಲಾದ ಬೇರೆ ಉಪಾಯಗಳೂ ಉಂಟು.

ಬಾಗುವ ಸಲಾಕೆಯ ಉಪಕಾರವು ಸಾಮಾನ್ಯವಾದುದಲ್ಲ. ಹಿಂದೆ ಶಾಲೆಗೆ ಹೋಗುವ ಹುಡುಗನ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಂಚದ ಮೇಲೆ ಮಲಗಿಸಬೇಕಾಗಿತ್ತು. ಅವನ ಪಾಠವೂ ತಪ್ಪುತ್ತಿತ್ತು. ಮಗ್ಗುಲಲ್ಲಿ ಕುಳಿತ ತಾಯಿಯ ಕೂಲಿಯೂ ತಪ್ಪುತ್ತಿತ್ತು. ಜರ್ಮನಿಯ ಗೆರ್ಹಾರ್ಡ್ ಕ್ಯುಂಟ್ಷರರು 1939ರಲ್ಲಿ ದೊಡ್ಡವರಿಗಾಗಿ ಬಳಕೆಗೆ ತಂದ ಗಟ್ಟಿ ಸಲಾಕೆಯು ಎಳೆಯರಿಗೆ ಹೊಂದಲಿಲ್ಲ. ಅದನ್ನು ಮೇಲಿನಿಂದ ತೂರಿಸುವಾಗ ತೊಡೆಯೆಲುಬಿನ ತಲೆಗೆ ರಕ್ತ ಒಯ್ಯುವ ನಾಳಗಳು ಕೆಟ್ಟು, ಆ ತಲೆಯೇ ಜೀವ ಕಳೆದುಕೊಳ್ಳುವ ಭಯವಿದ್ದಿತು. ಫ್ರಾನ್ಸಿನ ನಾನ್ಸಿ ನಗರದ ಮೆಟೈಜೋ, ಪ್ರೆವೋ, ಲಿಜಿಯೆ ಮೊದಲಾದ ವೈದ್ಯರು ಇದಕ್ಕೆ ದಾರಿ ಕಂಡರು. ಮೊಣಕಾಲಿನ ಮೇಲೆ, ಬೆಳವಣಿಗೆಯ ಪದರವನ್ನು ಮುಟ್ಟದೆ, ಎರಡು ಪಕ್ಕಗಳಲ್ಲಿ ಸಣ್ಣ ರಂಧ್ರ ಮಾಡಿ, ಬಿಲ್ಲಿನಂತೆ ಬಾಗಿಸಿದ ಎರಡು ಸಲಾಕೆಗಳನ್ನು ಎಲುಬಿನ ಒಳಗೆ ಏರಿಸುವುದೇ ಆ ವಿಧಾನ. ಎರಡು ಬಿಲ್ಲುಗಳೂ ಒಂದಕ್ಕೊಂದು ಇದಿರಾಗಿ ಒತ್ತಿ ಮುರಿತವನ್ನು ನೆಟ್ಟಗೆ ಹಿಡಿಯುತ್ತವೆ. 1988ರಲ್ಲಿ ಅವರು 123 ಮುರಿತಗಳ ಅನುಭವವನ್ನು ಪ್ರಕಟಿಸಿದರು.

ಹಾಗೆಂದು ಇದನ್ನು ಸರ್ವರೋಗಕ್ಕೂ ಒಂದೇ ಮದ್ದೆಂದು ತಿಳಿಯಬಾರದು. ಸುಮಾರು 50 ಕಿಲೋಗ್ರಾಂ ತೂಕವನ್ನು ಮೀರಿದ ಹುಡುಗರಲ್ಲಿ ಈ ಸಲಾಕೆಗಳು ಬಾಗಿ ಎಲುಬು ವಕ್ರವಾಗುವ ಸಂಭವ ಹೆಚ್ಚು. ಮೂರು ವರ್ಷದ ಕೂಸಿನ ಸಾಧಾರಣ ಮುರಿತಕ್ಕೆ ಪ್ಲಾಸ್ಟರು ಸಾಕಾಗಿರುವಲ್ಲಿ ಕತ್ತಿಯೆತ್ತುವುದು ವೈದ್ಯಧರ್ಮವಲ್ಲ.

ಇನ್ನು ಕಟ್ಟಿನ ಮಾತು. ಆಂಧ್ರದ ಪುತ್ತೂರಿನ ಹೆಸರಿನಲ್ಲಿ ನಮ್ಮ ಪಟ್ಟಣಗಳಲ್ಲಿಯೂ ಎಲುಬು ಕಟ್ಟುವವರಿದ್ದಾರೆ. ಅವರಲ್ಲಿ ಜನರಿಟ್ಟ ನಂಬಿಕೆಯನ್ನು ನಾವು ಹಳಿಯುವುದಿಲ್ಲ. ಆಸ್ಪತ್ರೆಯು ದೂರವೂ ದುಬಾರಿಯೂ ಆದಲ್ಲಿ ಬಡವನು ಮತ್ತೆಲ್ಲಿಗೆ ಹೋದಾನು? ಆದರೆ ಊದಿಕೊಳ್ಳುತ್ತಿರುವ ಕಾಲಿಗೆ ದಬ್ಬೆಯಿಟ್ಟು ಬಿಗಿದರೆ ರಕ್ತಸಂಚಾರವು ನಿಂತು ಕಾಲೇ ಕೊಳೆತುಹೋದೀತು. ಬೆರಳುಗಳು ಬಿಳಿಚಿಕೊಂಡರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ಕ್ಷಣಕ್ಷಣಕ್ಕೆ ಏರಿದರೆ, ಕಟ್ಟಿದವರು ಯಾರೇ ಆಗಲಿ, ಆ ಗಳಿಗೆಯೇ ಕಟ್ಟನ್ನು ಸಡಿಲಿಸಿ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು.

ಸರಕಾರದವರಲ್ಲಿ ನಮ್ಮ ಕೋರಿಕೆಗಳು ನಾಲ್ಕು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ಸರು 19ನೆಯ ಶತಮಾನದಲ್ಲಿ ರೂಪಿಸಿದ, ಮೊದಲನೆಯ ಮಹಾಯುದ್ಧದಲ್ಲಿ ಅಸಂಖ್ಯ ಸೈನಿಕರ ಜೀವವನ್ನುಳಿಸಿದ ಥಾಮಸ್ ಸ್ಪ್ಲಿಂಟು ಬೆಲೆಯಲ್ಲಿ ಅಲ್ಪ, ಗುಣದಲ್ಲಿ ಘನ. ಅದು ಮಕ್ಕಳ ಅಳತೆಯಲ್ಲಿ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿರಬೇಕು. ಅದನ್ನು ತೊಡಿಸಬಲ್ಲವರೂ ಇರಬೇಕು. ಎರಡನೆಯದಾಗಿ, ಒಳಗಿನ ಎಲುಬನ್ನು ನೋಡುತ್ತಲೇ ಸಲಾಕೆಯೇರಿಸಲು ಬೇಕಾದ ಎಕ್ಸ್-ರೇ ಯಂತ್ರವೂ, ಬೇರೆ ಬೇರೆ ದಪ್ಪದ ಸಲಾಕೆಗಳೂ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಸದಾ ಸಿದ್ಧವಾಗಿರಬೇಕು. ಮೂರನೆಯದಾಗಿ, ಎಲುಬು ಕೂಡಿದ ಮೇಲೆ ಸಲಾಕೆಗಳನ್ನು ತೆಗೆಯುವುದು ವಾಡಿಕೆ. 2018ರಿಂದ ನಡೆದುಬಂದಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಂಥವು ಈ ಎರಡನೆಯ ಶಸ್ತ್ರಕ್ರಿಯೆಗೂ ಸಂಪೂರ್ಣ ಹೊಣೆಯಾಗಬೇಕು. ಕೊನೆಯದಾಗಿ, ಸ್ಪೈಕಾ ಪ್ಲಾಸ್ಟರು ಹಾಕುವ ಕೈಚಳಕವು ಕಿರಿಯ ವೈದ್ಯರಲ್ಲಿ ನಶಿಸದಂತೆ ಶಿಕ್ಷಣ ನಡೆಯಬೇಕು.

ಶಸ್ತ್ರವು ಬೇಕಾದ ಮಗುವಿಗೆ ಹಣವಿಲ್ಲವೆಂದು ಅದು ತಪ್ಪಬಾರದು; ಬೇಡವಾದ ಮಗುವಿಗೆ ಹಣವಿದೆಯೆಂದು ಅದು ನಡೆಯಲೂ ಬಾರದು. ಅಧಿಕಾರಿಗಳು ಈ ಕಡೆ ತ್ವರೆಯಾಗಿ ಗಮನವೀಯುವರೆಂದು ನಂಬುತ್ತೇವೆ.