ಮೇಲೆ ಪಾಲಿಶ್, ಕೆಳಗೆ ಜಂಗು: ಗಾಡಿಯ ತಳಕ್ಕೂ ಒಂದು ಔಷಧಿ ಬೇಕು

ಹೋದ ವರ್ಷ ಅಕ್ಟೋಬರ್ ಚಾಟ್ನಿ ಮುಗಿಸಿ ಔಷಧಿ ಹೊಡೆಯುವ ಗಡಿಬಿಡಿಯಲ್ಲಿದ್ದೆವು. ನನ್ನ ತಮ್ಮ ವಿಜಯಪುರದಿಂದ ಪಿಕ್‌ಅಪ್‌ನಲ್ಲಿ ಗೊಬ್ಬರ ಹೇರಿಕೊಂಡು ಬರುತ್ತಿದ್ದ. ತಿಕೋಟಾ ಇನ್ನೇನು ಬಂತು ಅನ್ನುವಾಗ ರಸ್ತೆಗೆ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದ. ಪೆಡಲ್ ಮೆತ್ತಗೆ ಕೆಳಗೆ ಹೋಯಿತೇ ಹೊರತು ಗಾಡಿ ನಿಲ್ಲಲಿಲ್ಲ. ಹುಡುಗ ಗಾಬರಿಯಾಗದೆ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಗಷ್ಟೇ ಬಿತ್ತಿದ್ದ ಜೋಳದ ಹೊಲಕ್ಕೆ ಗಾಡಿ ಇಳಿಸಿದ. ಅವನಿಗೂ ಏನಾಗಲಿಲ್ಲ, ಕುರಿಗಳಿಗೂ ಏನಾಗಲಿಲ್ಲ. ಹೊಲದವರು ನಾಲ್ಕು ಮಾತು ಬೈದರು, ಅದು ನ್ಯಾಯವೇ.

ಗಾಡಿ ಎತ್ತಿ ನೋಡಿದ ಮಿಸ್ತ್ರಿ ನನ್ನನ್ನು ಕೆಳಗೆ ಕರೆದ. ಚಾಸಿಯ ಗುಂಟ ಹೋಗುವ ಬ್ರೇಕ್ ಪೈಪು ಒಂದು ಕಡೆ ಒಡೆದಿತ್ತು. ಬೆರಳಿನಿಂದ ಒತ್ತಿದರೆ ಪದರ ಪದರವಾಗಿ ಉದುರುತ್ತಿತ್ತು. "ಅಣ್ಣಾರ, ಇದು ಪೈಪ್ ಉಳಿದಿಲ್ಲ, ಹಪ್ಪಳ ಆಗೈತಿ" ಅಂದ. ಗಾಡಿ ಎಷ್ಟು ವರ್ಷದ್ದು ಅಂತ ಕೇಳಿದ. ಆರು ಅಂದೆ. "ಆರು ವರ್ಷದಾಗ ಮಂಗಳೂರು ಕಡೆ ಮೀನಿನ ಗಾಡಿ ಹಿಂಗ ಆಗ್ತಾವ. ನಮ್ಮ ಬಿಸಿಲು ನಾಡಾಗ ನಿಮ್ದು ಯಾಕ ಹಿಂಗಾತು?"

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಸಮುದ್ರ ಎಲ್ಲೋ ದೂರ. "ನಮ್ಮ ಕಡೆ ಗಾಡಿಗೆ ಜಂಗು ಹಿಡಿಯಂಗಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಬೇಕಾದರೆ ವಿಜಯಪುರದ ಉಪ್ಪಲಿ ಬುರುಜಿನ ಮೇಲಿನ ಉದ್ದನೆಯ ಕಬ್ಬಿಣದ ತೋಪು ತೋರಿಸುತ್ತಾರೆ. ಆದಿಲ್‌ಶಾಹಿ ಕಾಲದ್ದು, ಬಯಲಿನಲ್ಲೇ ಬಿದ್ದಿದೆ, ಇನ್ನೂ ಗಟ್ಟಿಯಾಗಿದೆ. (ಮಲಿಕ್-ಎ-ಮೈದಾನ್ ತೋಪಿನ ಮಾತು ಬೇಡ. ಅದು ಕಂಚಿನದು, ಅದಕ್ಕೂ ಜಂಗಿಗೂ ಸಂಬಂಧ ಇಲ್ಲ.) ಆದರೆ ಆ ತೋಪಿನ ಕಬ್ಬಿಣ ಗೇಣುಗಟ್ಟಲೆ ದಪ್ಪ. ಎತ್ತರದಲ್ಲಿ ಗಾಳಿಗೆ ಮಳೆ ನೀರು ಬೇಗ ಆರುತ್ತದೆ. ಅದರ ಮೇಲೆ ಯಾರೂ ಪೊಟ್ಯಾಶ್ ಚೀಲ ಒಗೆದಿಲ್ಲ. ನಮ್ಮ ಪಿಕ್‌ಅಪ್‌ನ ಚಾಸಿ ಕೆಲವೇ ಮಿಲಿಮೀಟರ್ ದಪ್ಪದ ತಗಡು, ಬ್ರೇಕ್ ಪೈಪಿನ ಗೋಡೆ ಅದಕ್ಕಿಂತಲೂ ತೆಳು.

ನಮ್ಮ ಗಾಡಿಯ ತಳ ತಿನ್ನುವುದು ಮಳೆಯಲ್ಲ, ನಾವೇ ಹೇರುವ ಮಾಲು. ಸ್ವೀಡನ್, ಕೆನಡಾದಂಥ ದೇಶಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಗಾಡಿಯ ತಳ ತಿನ್ನುತ್ತದೆ ಅಂತಲೇ ಅಲ್ಲಿ ತಳಕ್ಕೆ ವ್ಯಾಕ್ಸ್ ಹೊಡೆಸುವುದು ಮಾಮೂಲಿ. ನಾವು ಹೇರುವ 0-0-60 ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಕಬ್ಬಿಣಕ್ಕೆ ಎರಡೂ ಒಂದೇ. ಯೂರಿಯಾ, ಕ್ಯಾಲ್ಸಿಯಂ ನೈಟ್ರೇಟ್ ಇನ್ನೊಂದು ಕೆಲಸ ಮಾಡುತ್ತವೆ. ಚೀಲದ ಬಾಯಿ ಬಿಚ್ಚಿಟ್ಟರೆ ಒಂದೇ ರಾತ್ರಿಯಲ್ಲಿ ಒದ್ದೆಯಾಗಿ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ? ಚೀಲದ ಹೊಲಿಗೆಯಿಂದ ಉದುರಿ, ಹಲಗೆಯ ಸಂದಿಯಿಂದ ಇಳಿದು ಚಾಸಿಯ ಮೂಲೆಯಲ್ಲಿ ಕೂತ ಕಾಳೂ ಹಾಗೇ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆ ಇಲ್ಲದ ದಿನವೂ ಗಾಡಿಯ ತಳ ಒದ್ದೆ ಇರುತ್ತದೆ. ಮೇಲೆ ನಮ್ಮ ಎರಿ ಮಣ್ಣು. ಒಮ್ಮೆ ಮೆತ್ತಿಕೊಂಡರೆ ತೇವ ಹಿಡಿದಿಟ್ಟುಕೊಂಡು ವಾರಗಟ್ಟಲೆ ಬಿಡುವುದಿಲ್ಲ.

ದ್ರಾಕ್ಷಿ ಬೆಳೆಗಾರರಿಗಂತೂ ಇನ್ನೊಂದು ಹೇಳಲೇಬೇಕು. ಬೋರ್ಡೋ ದ್ರಾವಣ ಮಾಡಿದ ಮೇಲೆ ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಅದರಲ್ಲಿ ಚಾಕು ಅದ್ದುತ್ತೇವೆ. ಚಾಕುವಿನ ಮೇಲೆ ಕೆಂಪು ಬಂದರೆ ಮೈಲುತುತ್ತ ಇನ್ನೂ ಉಳಿದಿದೆ, ಇನ್ನಷ್ಟು ಸುಣ್ಣ ಹಾಕಬೇಕು ಅಂತ ಅರ್ಥ. ಆ ಕೆಂಪು ಏನು? ಮೈಲುತುತ್ತದೊಳಗಿನ ತಾಮ್ರ. ತಾಮ್ರ ಹೊರಗೆ ಬಂದು ಕೂತಷ್ಟೂ ಚಾಕುವಿನ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಸುಣ್ಣ ಹಾಕುವ ಮೊದಲಿನ ಮೈಲುತುತ್ತದ ನೀರು ಗಾಡಿಯ ಡಬ್ಬಿಯಲ್ಲಿ ಚೆಲ್ಲಿದರೆ ಚಾಸಿಯಲ್ಲೂ ಇದೇ ಆಗುತ್ತದೆ. ಅಲ್ಲಿಗೇ ನಿಲ್ಲುವುದೂ ಇಲ್ಲ. ಕಬ್ಬಿಣಕ್ಕೆ ತಾಮ್ರ ಅಂಟಿ ಮೇಲೆ ತೇವ ಇದ್ದರೆ ಕಬ್ಬಿಣ ಇನ್ನೂ ಬೇಗ ಸವೆಯುತ್ತದೆ. ನನ್ನ ಗಾಡಿಯ ಪೈಪ್ ಒಡೆದ ಜಾಗ ಎಲ್ಲಿತ್ತು ಗೊತ್ತೇನ್ರಿ? ನಾವು ಯಾವಾಗಲೂ ಮೈಲುತುತ್ತದ ಬ್ಯಾರಲ್ ಇಡುತ್ತಿದ್ದ ಮೂಲೆಯ ಸರಿಯಾಗಿ ಕೆಳಗೆ. ಐದು ವರ್ಷ ಚಾಕು ಅದ್ದಿ ನೋಡಿದವನು ನಾನು, ಗಾಡಿಯ ಕೆಳಗೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಬಬಲೇಶ್ವರ ಕಡೆಯ ಗೆಳೆಯರಿಗೆ ಡೋಣಿಯ ನೀರಿನ ಗುಣ ಗೊತ್ತೇ ಇದೆ. ಅದು ಮೊದಲಿನಿಂದಲೂ ಸವಳು. ಮಳೆಗಾಲದಲ್ಲಿ ಹಳ್ಳ ದಾಟಿ ಬಂದ ಗಾಡಿಯನ್ನು ಹಾಗೇ ನಿಲ್ಲಿಸಬಾರದು. ಈಗ ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿ ಬಂದ ಮೇಲೆ ಎಷ್ಟೋ ಕಡೆ ಬೇಸಿಗೆಯಲ್ಲೂ ಹೊಲದ ದಾರಿ ಕೆಸರು. ನೀರು ಬಂದದ್ದು ನಮ್ಮ ಪುಣ್ಯ, ಅದರ ಬಗ್ಗೆ ತಕರಾರಿಲ್ಲ. ಆದರೆ ಅಪ್ಪನ ಕಾಲದ ಒಣ ದಾರಿಯ ಲೆಕ್ಕ ಇಂದಿನ ಗಾಡಿಗೆ ಹೊಂದುವುದಿಲ್ಲ.

ಇದಕ್ಕೆ ಜನ ಮಾಡುವುದು ಎರಡು. ಒಂದು, ಇಂಜಿನ್‌ನಿಂದ ತೆಗೆದ ಕರಿ ಆಯಿಲ್‌ಗೆ ಡೀಸೆಲ್ ಬೆರೆಸಿ ಕೆಳಗೆ ಹೊಡೆಯುವುದು. ನಮ್ಮ ಅಪ್ಪ ಮಾಡುತ್ತಿದ್ದರು, ನಾನೂ ಮಾಡಿದ್ದೇನೆ. ಬಿಟ್ಟುಬಿಡಿ. ಆಯಿಲ್ ತಾಗಿ ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ, ಧೂಳು ಮೆತ್ತಿಕೊಳ್ಳುತ್ತದೆ, ಬ್ರೇಕ್ ಒಳಗೆ ಹೋದರೆ ಜೀವಕ್ಕೇ ಅಪಾಯ. ಉಳಿದದ್ದು ಹೊಲಕ್ಕೇ ಸೋರುತ್ತದೆ.

ಎರಡನೆಯದು ಕಪ್ಪು ರಬ್ಬರ್ ಕೋಟಿಂಗ್. ಹೊಸ ಗಾಡಿ ಬಿಡಿಸುವಾಗ ಇದನ್ನೂ ಮಾಡಿಸಿ ಅಂತ ಹಿಂದೆ ಬೀಳುತ್ತಾರೆ. ಹೊಚ್ಚ ಹೊಸ, ಶುಚಿಯಾದ ತಗಡಿನ ಮೇಲೆ ಹೊಡೆದರೆ ಕಲ್ಲೇಟು ತಡೆಯುತ್ತದೆ, ಒಳಗೆ ಸದ್ದೂ ಕಡಿಮೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡು-ಮೂರು ವರ್ಷ ಹೊಲ ತಿರುಗಿದ ಗಾಡಿಗೆ ನೀರು ಹೊಡೆದು ಒಂದು ತಾಸಿನಲ್ಲಿ ಕಪ್ಪು ಬಳಿದು ಕೊಡುತ್ತಾರಲ್ಲ, ಅದು ಮೋಸಕ್ಕೆ ಸಮ. ಮಣ್ಣು, ಗೊಬ್ಬರ, ತೇವ ಎಲ್ಲಾ ಒಳಗೇ ಉಳಿಯುತ್ತದೆ, ಮೇಲೆ ಕಂಬಳಿ ಹೊದಿಸಿದಂತೆ. ವಯಸ್ಸಾದಂತೆ ಕೋಟಿಂಗ್ ಬಿರುಸಾಗಿ ಸೀಳು ಬಿಡುತ್ತದೆ, ಸೀಳಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕಣ್ಣಿಗೆ ಮಾತ್ರ ಕಪ್ಪಗೆ ಚಂದ. ನನ್ನ ಗಾಡಿಗೂ ಎರಡನೇ ವರ್ಷ ಒಂದು ಕಡೆ ಹೀಗೇ ಬಳಿಸಿದ್ದೆ. ಮಿಸ್ತ್ರಿ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದಾಗ ಅಂಗೈ ಅಗಲದ ಕಪ್ಪು ಪದರದ ಜೊತೆಗೇ ಕೆಂಪು ಜಂಗು ಕಿತ್ತು ಬಂತು.

ನಾನು ಈಗ ನಂಬಿರುವುದು ವ್ಯಾಕ್ಸ್. ಕಾರಿನ ಮೇಲೆ ತಿಕ್ಕುವ ಪಾಲಿಶ್ ವ್ಯಾಕ್ಸ್ ಅಲ್ಲ. ತೆಳ್ಳನೆಯ ದ್ರಾವಕದಲ್ಲಿ ಕರಗಿಸಿದ, ಜಂಗು ತಡೆಯುವ ರಾಸಾಯನಿಕ ಸೇರಿಸಿದ ಮೇಣ. ಹೊಡೆದಾಗ ನೀರಿನಂತೆ ಸಂದಿಗೊಂದಿಗೆ ಹರಿಯುತ್ತದೆ, ದ್ರಾವಕ ಆರಿದ ಮೇಲೆ ಮೇಣದ ಪದರ ಉಳಿಯುತ್ತದೆ. ಅದು ಪೂರ್ತಿ ಗಟ್ಟಿಯಾಗುವುದಿಲ್ಲ, ಅದೇ ಅದರ ಲಾಭ. ಸಣ್ಣ ಗೀರು ಬಿದ್ದರೂ ಸೀಳಿಕೊಳ್ಳುವುದಿಲ್ಲ. ಇದರಲ್ಲಿ ಎರಡು ಬಗೆ. ಹೊರಗೆ ಕಾಣುವ ತಳಕ್ಕೆ ದಪ್ಪನೆಯದು, ಚಾಸಿಯ ಪೊಳ್ಳಿನೊಳಗೆ, ಬಾಗಿಲಿನ ಒಳಗೆ ಹೊಡೆಯಲು ತೆಳ್ಳನೆಯದು. ಪೊಳ್ಳಿಗೆ ಹೊಡೆಯಲು ಉದ್ದನೆಯ ನಳಿಕೆ ಬೇಕು. ಕಪ್ಪು ಕೋಟಿಂಗ್ ತಲುಪದ ಜಾಗ ಅದೇ, ಜಂಗು ಒಳಗಿನಿಂದ ಹೊರಗೆ ಬರುವ ಜಾಗವೂ ಅದೇ.

ಹಾಗಂತ ವ್ಯಾಕ್ಸ್ ದೇವರಲ್ಲ. ಚಕ್ರದ ಮೇಲ್ಭಾಗದಲ್ಲಿ ಕಲ್ಲು, ಕೆಸರು ಬಡಿದು ಬೇಗ ಹೋಗುತ್ತದೆ, ಅಲ್ಲಿ ವರ್ಷಕ್ಕೊಮ್ಮೆ ಮತ್ತೆ ಹೊಡೆಯಲೇಬೇಕು. ನಮ್ಮ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಮೆತ್ತನೆಯ ಮೇಣವಾದರೆ ಇಳಿದುಹೋಗುತ್ತದೆ. ಎಷ್ಟು ಬಿಸಿ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಓದಿ, ಇಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ವಾಶಿಂಗ್ ಸೆಂಟರ್‌ನವರು ಪ್ರೆಶರ್ ಗನ್ ಹತ್ತಿರ ಹಿಡಿದರೆ ಮೇಣವೂ ಕಿತ್ತುಹೋಗುತ್ತದೆ. ತೂತು ಬಿದ್ದ ತಗಡಿಗೆ ವ್ಯಾಕ್ಸ್ ಬಳಿದರೆ ಮೋಸ ನಿಮಗೇ. ಅದಕ್ಕೆ ಮೊದಲು ವೆಲ್ಡಿಂಗ್, ಆಮೇಲೆ ವ್ಯಾಕ್ಸ್. ಉಲ್ಟಾ ಮಾಡಬೇಡಿ, ಹಸಿ ವ್ಯಾಕ್ಸ್‌ನ ದ್ರಾವಕಕ್ಕೆ ಬೆಂಕಿ ಬೇಗ ಹತ್ತುತ್ತದೆ.

ನಾನು ಮಾಡಿಸಿದ್ದು ಹೀಗೆ. ಬೇಸಿಗೆಯಲ್ಲಿ, ಮನೂಕ ಕೆಲಸ ಮುಗಿದ ಮೇಲೆ. ನಮ್ಮ ಬೇಸಿಗೆಯಂಥ ಒಣಗಿಸುವ ಯಂತ್ರ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಗಾಡಿಯನ್ನು ಲಿಫ್ಟ್‌ಗೆ ಹಾಕಿ ತಳ ಪೂರ್ತಿ ತೊಳೆಸಿದೆ. ಚಾಸಿಯ ಪೊಳ್ಳಿನೊಳಗೂ ಪೈಪ್ ಬಿಡಿಸಿದೆ, ಒಳಗಿನಿಂದ ಬಂದ ಮಣ್ಣು ಎರಡು ಬುಟ್ಟಿ. ಎರಡು ದಿನ ಬಿಸಿಲಿಗೆ ನಿಲ್ಲಿಸಿದೆ. ಸಡಿಲ ಜಂಗನ್ನೆಲ್ಲ ವೈರ್ ಬ್ರಷ್‌ನಿಂದ ತೆಗೆಸಿ ಆಮೇಲೆ ವ್ಯಾಕ್ಸ್ ಹೊಡೆಸಿದೆ. ಹೊಡೆಯುವಾಗ ಪಕ್ಕದಲ್ಲೇ ನಿಂತಿದ್ದೆ. ಬ್ರೇಕ್ ಡಿಸ್ಕ್, ಡ್ರಮ್, ಸೈಲೆನ್ಸರ್, ಪ್ರೊಪೆಲರ್ ಶಾಫ್ಟ್‌ಗೆ ಮೊದಲೇ ಪೇಪರ್ ಸುತ್ತಬೇಕು. ಚಾಸಿಯ ಕೆಳಗಿನ ನೀರು ಇಳಿಯುವ ತೂತುಗಳು ಮುಚ್ಚಬಾರದು, ಮುಚ್ಚಿದ್ದರೆ ತಂತಿ ಹಾಕಿ ಬಿಡಿಸಬೇಕು. ಅಲ್ಲಿನ ಹುಡುಗನಿಗೆ ಇದನ್ನು ಎರಡು ಸಲ ಹೇಳಬೇಕಾಯಿತು. ಅವನಿಗೆ ಕಾರಿನ ಕೆಲಸ ಗೊತ್ತು, ಗೊಬ್ಬರದ ಗಾಡಿ ಹೊಸದು.

ವಿಜಯಪುರದಲ್ಲಿ ಈಗ ಕಾರು ಪಾಲಿಶ್ ಮಾಡುವ ಅಂಗಡಿಗಳಿಗೆ ಬರವಿಲ್ಲ. ಹೆಚ್ಚಿನವರು "ಅಂಡರ್‌ಬಾಡಿ ಕೋಟಿಂಗ್" ಅಂದರೆ ಕಪ್ಪು ರಬ್ಬರನ್ನೇ ಕೊಡುತ್ತಾರೆ. ವ್ಯಾಕ್ಸ್ ಇದೆಯಾ, ಪೊಳ್ಳಿನೊಳಗೆ ಹೊಡೆಯುವ ನಳಿಕೆ ಇದೆಯಾ, ತೊಳೆದ ಮೇಲೆ ಎಷ್ಟು ಹೊತ್ತು ಒಣಗಿಸುತ್ತೀರಿ ಎಂದು ಕೇಳಿ. ಮೂರನೇ ಪ್ರಶ್ನೆಗೆ "ಈಗ ತೊಳೆದು ಈಗಲೇ ಕೊಡ್ತೀವ್ರಿ" ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ಖರ್ಚಿನ ಮಾತು. ನನಗೆ ವ್ಯಾಕ್ಸ್‌ಗೆ 6,500 ರೂಪಾಯಿ ಬಿತ್ತು. ಅದಕ್ಕೂ ಮೊದಲು ಪೈಪು, ಚಾಸಿಯ ಅಡ್ಡಪಟ್ಟಿ ವೆಲ್ಡಿಂಗ್, ಹಲಗೆ ಅಂತ 14,000 ಹೋಗಿತ್ತು. ಅದಕ್ಕಿಂತ ದೊಡ್ಡ ನಷ್ಟ, ಗಾಡಿ ನಾಲ್ಕು ದಿನ ನಿಂತದ್ದು. ಮೋಡ ಕವಿದ ವಾರದಲ್ಲಿ ಡೌನಿ ರೋಗ ನಿಮ್ಮ ಮಿಸ್ತ್ರಿಗೆ ಕಾಯುವುದಿಲ್ಲ. ಹಳದಿ ಬೋರ್ಡಿನ ಗಾಡಿಯಾದರೆ ಇನ್ನೊಂದು ಚಿಂತೆ: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಬೇಕು. ಚಾಸಿ ತಿಂದ ಗಾಡಿಯನ್ನು ಅಲ್ಲಿಗೆ ಯಾವ ಮುಖ ಹೊತ್ತು ಒಯ್ಯುವುದು?

ಆದರೂ ಎಲ್ಲರೂ ಮಾಡಿಸಬೇಕು ಅಂತ ನಾನು ಹೇಳುವುದಿಲ್ಲ. ಊರಿಂದ ವಿಜಯಪುರಕ್ಕೆ ಮದುವೆ-ಮುಂಜಿಗೆ ಓಡುವ ಕಾರಿಗೆ ಇದು ಬೇಡ, ಆಗಾಗ ತಳ ತೊಳೆದರೆ ಸಾಕು. ಟ್ರ್ಯಾಕ್ಟರಿನ ಎರಕದ ಕಬ್ಬಿಣ ದಪ್ಪ, ಅದಕ್ಕೂ ಬೇಡ. ಟ್ರೇಲರ್‌ಗೆ ಕೆರೆದು ರೆಡ್ ಆಕ್ಸೈಡ್, ಮೇಲೆ ಬಣ್ಣ ಸಾಕು. ಗೊಬ್ಬರ, ಔಷಧಿ ಹೇರುವ ಪಿಕ್‌ಅಪ್, ಮಿನಿ ಟ್ರಕ್ಕಿಗೆ ಮಾತ್ರ ಬೇಕೇ ಬೇಕು, ಅದೂ ಮೊದಲ ವರ್ಷವೇ. ಹೊಸ ಗಾಡಿ ತಂದ ವಾರದಲ್ಲೇ ಸೌಂಡ್ ಬಾಕ್ಸು, ಹಿಂದೆ ಹೆಸರಿನ ಸ್ಟಿಕ್ಕರ್, ಬಣ್ಣ ಬಣ್ಣದ ಲೈಟಿಗೆ ಎಂಟು-ಹತ್ತು ಸಾವಿರ ಸುರಿಯುವ ತಮ್ಮಂದಿರನ್ನು ನೋಡುತ್ತೇನೆ. ಬೇಡ ಅನ್ನುವುದಿಲ್ಲ, ವಯಸ್ಸು. ಆದರೆ ಸೌಂಡ್ ಬಾಕ್ಸ್ ದೀಪಾವಳಿಗೆ ಹಾಕಿಸಿದರೂ ನಡೆಯುತ್ತದೆ, ತಳಕ್ಕೆ ಮೊದಲು.

ವ್ಯಾಕ್ಸ್‌ಗೆ ದುಡ್ಡಿಲ್ಲದಿದ್ದರೂ ಇವತ್ತಿನಿಂದಲೇ ಆಗುವ ಕೆಲಸ ಇದೆ. ಡಬ್ಬಿಯ ನೆಲಕ್ಕೆ ದಪ್ಪ ತಾಡಪಾಲು ಹಾಸಿ, ಅದರ ಮೇಲೆ ಗೊಬ್ಬರ ಹೇರಿ. ಮೈಲುತುತ್ತವನ್ನು ಪ್ಲಾಸ್ಟಿಕ್ ಬುಟ್ಟಿಯೊಳಗೆ ಇಟ್ಟು ಒಯ್ಯಿರಿ. ಮಾಲು ಇಳಿಸಿದ ದಿನವೇ ತಳಕ್ಕೆ ನೀರು ಬಿಡಿ, ಬಾವಿ-ಕೆರೆಯಿಂದ ದೂರ. ತಿಂಗಳಿಗೊಮ್ಮೆ ಮೊಬೈಲಿನ ಟಾರ್ಚ್ ಹಚ್ಚಿ ಗಾಡಿಯ ಕೆಳಗೆ ಕೈ ಚಾಚಿ, ಮುಂದಿನಿಂದ ಹಿಂದಿನವರೆಗೆ ಒಂದು ವಿಡಿಯೋ ಮಾಡಿ ಇಟ್ಟುಕೊಳ್ಳಿ. ಬ್ರೇಕ್ ಪೈಪ್ ಹೋಗುವ ದಾರಿ, ಪಾಟಾ ಕೂರುವ ಜಾಗ, ಡಬ್ಬಿಯ ಅಡ್ಡಪಟ್ಟಿ, ಈ ಮೂರು ಕಾಣಬೇಕು. ಹೋದ ತಿಂಗಳ ವಿಡಿಯೋ ಜೊತೆ ಹೋಲಿಸಿದರೆ ಯಾವ ಮಿಸ್ತ್ರಿಯೂ ಬೇಡ, ನಿಮಗೇ ತಿಳಿಯುತ್ತದೆ.

ನನ್ನ ತಮ್ಮ ಈಗ ಚೀಲ ಇಳಿಸಿದ ಕೂಡಲೇ ಪೈಪ್ ಹಿಡಿಯುತ್ತಾನೆ, ಹೇಳುವುದೇ ಬೇಡ. ಒಂದೇ ತೊಂದರೆ, ನಮ್ಮ ಬೋರ್‌ನ ನೀರು ಸವಳು. ಮಣ್ಣು ಬಿಡಿಸಲು ಬೋರ್ ನೀರು, ಕಡೆಗೆ ಎರಡು ಕೊಡ ಕಾಲುವೆಯ ಸಿಹಿ ನೀರು ಅಂತ ಸದ್ಯಕ್ಕೆ ನಡೆದಿದೆ. "ಗಾಡಿಗೂ ಸಿಹಿ ನೀರು ಬೇಕೇನೋ?" ಅಂತ ಅವ್ವ ದಿನಾ ಗೊಣಗುತ್ತಾಳೆ.