ಹೆಬ್ಬೆಟ್ಟು ಹೋಯಿತು, ಓದು ಬಂತೆ?

1951ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ನೂರಕ್ಕೆ 18 ಮಂದಿ ಮಾತ್ರ ಅಕ್ಷರಸ್ಥರಿದ್ದರು. 2011ರ ಗಣತಿಯಲ್ಲಿ ಆ ಸಂಖ್ಯೆ 74ಕ್ಕೆ ಏರಿತು. ಇದು ಸಣ್ಣ ಸಾಧನೆಯಲ್ಲ. ಹಗಲೆಲ್ಲ ದುಡಿದು ರಾತ್ರಿ ಕುಳಿತು ಕಲಿತ ಕೂಲಿಕಾರರಿಗೂ, ಕೈಹಿಡಿದು ತಿದ್ದಿಸಿದ ಸ್ವಯಂಸೇವಕರಿಗೂ ನಾವು ವಂದನೆ ಹೇಳುತ್ತೇವೆ. ಆದರೆ ಜನಗಣತಿಯವರು ಯಾರನ್ನೂ ಪರೀಕ್ಷಿಸುವುದಿಲ್ಲ. ಮನೆಯವರು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಾರೆ. ದೊಡ್ಡವರಾದ ಮೇಲೆ ಅಕ್ಷರ ಕಲಿತವರಿಗೆ ನಿಜವಾಗಿ ಓದು ಬಂತೇ ಎಂದು ನೋಡುವ ಪರೀಕ್ಷೆ ಬೇರೆಯೇ ಇದೆ. ಆ ಪರೀಕ್ಷೆಯನ್ನೇ ಇಂದು ಪರೀಕ್ಷಿಸಬೇಕಾಗಿದೆ.

1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಒಂದು ಅಳತೆಯನ್ನು ಗೊತ್ತುಮಾಡಿತ್ತು. ಓದು, ಬರಹ, ಲೆಕ್ಕ ಈ ಮೂರರಲ್ಲಿ ಒಂದೊಂದರಲ್ಲೂ ನೂರಕ್ಕೆ 50, ಒಟ್ಟಿನಲ್ಲಿ ನೂರಕ್ಕೆ 70 ಅಂಕ ಬಂದವರನ್ನು ಸಾಕ್ಷರರೆಂದು ಎಣಿಸುತ್ತಿದ್ದರು. 2009ರಲ್ಲಿ ಬಂದ ಸಾಕ್ಷರ ಭಾರತ ಯೋಜನೆಯಲ್ಲಿ ಪರೀಕ್ಷೆ 150 ಅಂಕಗಳದಾಯಿತು. ನೂರಕ್ಕೆ 40 ಬಂದರೆ ಪ್ರಮಾಣಪತ್ರ ದೊರೆಯುತ್ತಿತ್ತು. 2022ರಿಂದ 2027ರ ಅವಧಿಗೆ ಮಂಜೂರಾದ ಉಲ್ಲಾಸ್ ಕಾರ್ಯಕ್ರಮದಲ್ಲಿ ಒಂದೊಂದು ಭಾಗದಲ್ಲೂ ನೂರಕ್ಕೆ 33 ಬಂದರೆ ಸಾಕು. ಪ್ರಶ್ನೆಪತ್ರಿಕೆಗಳು ಒಂದೇ ಬಗೆಯವಾಗಿರಲಿಲ್ಲ ಎಂಬುದನ್ನು ನಾವು ಬಲ್ಲೆವು. ಆದರೂ 70 ಹೋಗಿ 40, 40 ಹೋಗಿ 33 ಆದದ್ದು ಏಕೆಂದು ಜನರಿಗೆ ತಿಳಿಸಿ ಹೇಳಿದವರಿಲ್ಲ. ನೂರಕ್ಕೆ 95 ಮಂದಿ ಅಕ್ಷರಸ್ಥರಾದ ರಾಜ್ಯವನ್ನು ಪೂರ್ಣ ಸಾಕ್ಷರವೆಂದು ಸಾರುವ ಸಮಾರಂಭಗಳಂತೂ ನಡೆಯುತ್ತಿವೆ. 2025ರ ಮೇ ತಿಂಗಳಲ್ಲಿ ಮಿಜೋರಾಮಿಗೆ ಆ ಹೆಸರು ಬಂತು. ಅಂಗಡಿಯವನು ತನ್ನ ತೂಕದ ಕಲ್ಲುಗಳಿಗೆ ಕಾಲಕಾಲಕ್ಕೆ ಸರಕಾರದ ಮುದ್ರೆ ಹಾಕಿಸದಿದ್ದರೆ ದಂಡ ತೆರಬೇಕು. ಸರಕಾರ ಜನರ ಕಲಿಕೆಯನ್ನು ತೂಗುವ ಕಲ್ಲಿಗೆ ಮುದ್ರೆ ಹಾಕುವವರು ಯಾರು?

ಪರೀಕ್ಷೆಯನ್ನು ಕಠಿಣ ಮಾಡಿ ಬಡವರನ್ನು ಫೇಲು ಮಾಡಿರೆಂಬುದು ನಮ್ಮ ಮಾತಲ್ಲ. ಅಂಕ ಎಷ್ಟೆಂಬುದಕ್ಕಿಂತ, ಏನನ್ನು ಅಳೆಯುತ್ತಿದ್ದಾರೆ ಎಂಬುದು ಮುಖ್ಯ. ಹೆಬ್ಬೆಟ್ಟು ಒತ್ತುವವನ ಪತ್ರದಲ್ಲಿ "ಓದಿ ಹೇಳಿ ತಿಳಿಸಲಾಗಿದೆ" ಎಂದು ಷರಾ ಬರೆಯುವ ವಾಡಿಕೆಯುಂಟು. ಹೆಸರು ಬರೆಯಲು ಬಂದವನ ಪತ್ರಕ್ಕೆ ಆ ಷರಾ ಬೇಕೆಂದು ಯಾರಿಗೂ ಅನಿಸುವುದಿಲ್ಲ. ರುಜು ಹಾಕಿದನೆಂದರೆ ಓದಿಯೇ ಹಾಕಿದನೆಂದು ಲೆಕ್ಕ. ಅರ್ಧ ಓದು ಕಲಿತವನಿಗೆ ಪೂರ್ಣ ಓದಿನ ಪ್ರಮಾಣಪತ್ರ ಕೊಟ್ಟರೆ ಅವನಿಗಿದ್ದ ಒಂದು ರಕ್ಷಣೆಯನ್ನು ಕಿತ್ತುಕೊಂಡಂತೆಯೇ ಸರಿ. ಸಾಲಪತ್ರ ಬರೆಸಿಕೊಳ್ಳುವ ಸಾಹುಕಾರನಿಗೂ, ಕೆಲಸ ಬಿಟ್ಟನೆಂದು ಬರೆಸಿಕೊಳ್ಳುವ ಮಾಲೀಕನಿಗೂ ಅದರಿಂದ ಅನುಕೂಲ.

ಆದುದರಿಂದ ಪರೀಕ್ಷೆ ಬದುಕಿನ ಕಾಗದಪತ್ರಗಳ ಮೇಲೆಯೇ ನಡೆಯಬೇಕು. ಗಿರಣಿ ಕೆಲಸಗಾರನ ಮುಂದೆ ಸಂಬಳದ ಚೀಟಿ ಇಡಲಿ. ತಿಂಗಳಿಗೆ 12,000 ರೂಪಾಯಿ ಮಜೂರಿಯಾದರೆ ನೂರಕ್ಕೆ 12ರಂತೆ ಪ್ರಾವಿಡೆಂಟ್ ಫಂಡಿಗೆ 1,440, ನೂರಕ್ಕೆ ಮುಕ್ಕಾಲು ರೂಪಾಯಿಯಂತೆ ಇ.ಎಸ್.ಐ.ಗೆ 90 ಮುರಿದುಕೊಂಡು ಕೈಗೆ 10,470 ಬರಬೇಕು. ಚೀಟಿಯಲ್ಲಿ ಹಾಗಿದೆಯೇ ಎಂದು ಅವನು ನೋಡಿ ಹೇಳಲಿ. ಸಣ್ಣ ವ್ಯಾಪಾರಿಯ ಮುಂದೆ ಕಿರ್ದಿಯ ಒಂದು ಪುಟವನ್ನೂ ಉದ್ರಿ ಲೆಕ್ಕವನ್ನೂ ಇಡಲಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯೆಂದರೆ 10,000 ರೂಪಾಯಿ ಸಾಲಕ್ಕೆ ವರ್ಷಕ್ಕೆ 3,600 ಆಗುತ್ತದೆಂದು ಆಕೆ ಲೆಕ್ಕ ಹಾಕಬಲ್ಲಳೇ ನೋಡಲಿ. ಉಲ್ಲಾಸ್ ಕಾರ್ಯಕ್ರಮದ ಐದು ಅಂಗಗಳಲ್ಲಿ ಹಣಕಾಸಿನ ತಿಳಿವಳಿಕೆ, ಕಾನೂನಿನ ತಿಳಿವಳಿಕೆ, ಕಸಬಿನ ತರಬೇತಿ ಎಲ್ಲವೂ ಸೇರಿವೆ. ಪ್ರಮಾಣಪತ್ರದ ಪರೀಕ್ಷೆಯಾದರೋ ಮೊದಲನೆಯ ಅಂಗವಾದ ಓದು, ಬರಹ, ಲೆಕ್ಕಕ್ಕೇ ನಿಂತುಬಿಡುತ್ತದೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಒಂದು ದಿನ ಮೂರು ಗಂಟೆಯ ಪರೀಕ್ಷೆ ಬರೆಸಿದ ಮೇಲೆ ಕಲಿತವರ ಕಡೆಗೆ ತಿರುಗಿ ನೋಡುವವರಿಲ್ಲ. ಓದಲು ಏನೂ ಸಿಕ್ಕದವನು ಕಲಿತದ್ದನ್ನು ಮರೆಯುತ್ತಾನೆ. 1940ರ ದಶಕದಲ್ಲಿ ಹುಟ್ಟಿಕೊಂಡ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಇದನ್ನು ಅರಿತೇ ಹೊಸದಾಗಿ ಓದು ಕಲಿತವರಿಗೆಂದು 'ಬೆಳಕು' ವಾರಪತ್ರಿಕೆಯನ್ನು ಹೊರಡಿಸಿತ್ತು. ಸಾಕ್ಷರ ಭಾರತದಲ್ಲಿ ತಿಂಗಳಿಗೆ 2,000 ರೂಪಾಯಿ ಗೌರವಧನದ ಮೇಲೆ ಪ್ರೇರಕರಿದ್ದರು. 2018ರ ಮಾರ್ಚ್ 31ಕ್ಕೆ ಯೋಜನೆ ಮುಗಿಯಿತು, ಪ್ರೇರಕರ ಕೆಲಸವೂ ಹೋಯಿತು. ಈಗಿನ ಕಾರ್ಯಕ್ರಮ ಸಂಬಳವಿಲ್ಲದ ಸ್ವಯಂಸೇವಕರ ಬಲದ ಮೇಲೆಯೇ ನಿಂತಿದೆ. ಅದೇ 2018ರಲ್ಲಿ ಕೇರಳದ ಕಾರ್ತ್ಯಾಯಿನಿ ಅಮ್ಮ ತಮ್ಮ 96ನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು. ಅವರ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು, ಬರಬೇಕಾದದ್ದೇ. ಆದರೆ ತೇರ್ಗಡೆಯಾಗದವರು ಏಕೆ ಆಗಲಿಲ್ಲ ಎಂದು ವಿಚಾರಿಸುವುದೂ ಅಷ್ಟೇ ಅಗತ್ಯ. ತರಗತಿ ಎಷ್ಟು ದಿನ ನಡೆಯಿತು, ಪುಸ್ತಕ ಕೈಗೆ ಬಂತೇ, ರಾತ್ರಿ ಪಾಳಿಯವರಿಗೆ ಬೇರೆ ವೇಳೆ ಇತ್ತೇ? ಪರೀಕ್ಷೆಯ ಫಲಿತಾಂಶ ಕಲಿಸಿದವರನ್ನೂ ಕಲಿಸಲು ಏರ್ಪಾಡು ಮಾಡಿದವರನ್ನೂ ಮೊದಲು ಅಳೆಯಬೇಕು.

ಸರಕಾರದ ಮುಂದೆ ನಾವಿಡುವ ಬೇಡಿಕೆಗಳು ನಾಲ್ಕು. ಒಂದು, ಪ್ರಶ್ನೆಪತ್ರಿಕೆಯಲ್ಲಿ ಸಂಬಳದ ಚೀಟಿ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕುಗಳಂಥ ನಿತ್ಯದ ಕಾಗದಗಳು ಇರತಕ್ಕದ್ದು. ಎರಡು, ಬರಿಯ ಅಂಕದ ಬದಲು ಏನು ಬರುತ್ತದೆ, ಇನ್ನೇನು ಕಲಿಯಬೇಕು ಎಂಬುದನ್ನು ಕಲಿತವರಿಗೆ ಬಿಡಿಸಿ ಹೇಳತಕ್ಕದ್ದು. ಮೂರು, ಒಂದು ವರ್ಷದ ತರುವಾಯ ಮತ್ತೊಮ್ಮೆ ನೋಡಿ, ಮರೆತವರಿಗೆ ಪುನಃ ಕಲಿಸತಕ್ಕದ್ದು. ನಾಲ್ಕು, ಈ ಕೆಲಸಕ್ಕೆ ಸಂಬಳದ ಕಾರ್ಯಕರ್ತರನ್ನು ನೇಮಿಸತಕ್ಕದ್ದು.

ಸರಕಾರ ಏಳುವವರೆಗೆ ನಾವು ಕೈಕಟ್ಟಿ ಕೂರಬೇಕಾದ್ದಿಲ್ಲ. ಕಾರ್ಮಿಕ ಸಂಘಗಳು ತಮ್ಮ ಸದಸ್ಯರ ಸಂಬಳದ ಚೀಟಿಗಳನ್ನು, ವರ್ತಕರ ಸಂಘಗಳು ಕಿರ್ದಿಯ ಹಾಳೆಗಳನ್ನು ಕಲಿಕಾ ಕೇಂದ್ರಗಳಿಗೆ ಒದಗಿಸಲಿ. ಓದು ಬಲ್ಲವರು ವಾರಕ್ಕೊಂದು ಸಂಜೆ ಅಲ್ಲಿ ಕುಳಿತು, ಹೊಸದಾಗಿ ಕಲಿತವರಿಂದ ಅವನ್ನು ಓದಿಸಲಿ. ತನ್ನ ಚೀಟಿಯಲ್ಲಿ ತಪ್ಪು ಮುರಿದ ಹಣವನ್ನು ಒಬ್ಬ ಕೆಲಸಗಾರ ತಾನೇ ಕಂಡುಹಿಡಿದು ಆಫೀಸಿಗೆ ಹೋಗಿ ಕೇಳಿದ ದಿನ ಅವನು ತೇರ್ಗಡೆಯಾದನೆಂದು ನಾವು ತಿಳಿಯುತ್ತೇವೆ.